ದಿನ ತುಂಬದ ಕೂಸು ಮತ್ತು ನಿಲ್ಲಿಸಬೇಕಾದ ಮದ್ದು

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಕುಟುಂಬ ಸಮ್ಮೇಳನದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಶತಮಾನೋತ್ಸವದ ಸ್ಮರಣ ಸಂಚಿಕೆಗೆಂದು ಧರ್ಮಕೇಂದ್ರದ ಹಳೆಯ ದಾಖಲೆ ಪುಸ್ತಕಗಳನ್ನು ತೆರೆದು ಓದುವ ಕೆಲಸ ಕಳೆದ ಬೇಸಿಗೆಯಲ್ಲಿ ನಮ್ಮ ಪಾಲಿಗೆ ಬಂದಿತು. ಗೆದ್ದಲು ತಿಂದು ಉಳಿದ ಹಾಳೆಗಳು, ಮಸಿ ಮಾಸಿದ ಅಕ್ಷರಗಳು. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಹಳ್ಳಿಗಳಿಗೆ ಕುದುರೆಯ ಮೇಲೆಯೂ ಕಾಲ್ನಡಿಗೆಯಲ್ಲಿಯೂ ಹೋಗಿಬಂದ ಹಿಂದಿನ ಗುರುಗಳು ಅವುಗಳಲ್ಲಿ ದೀಕ್ಷಾಸ್ನಾನಗಳನ್ನು ಬರೆದಿಟ್ಟಿದ್ದಾರೆ. ಅನೇಕ ಹೆಸರುಗಳ ಮುಂದೆ ಲತೀನ್ ಭಾಷೆಯಲ್ಲಿ ಮೂರೇ ಪದಗಳಿವೆ: 'ಇನ್ ಪೆರಿಕುಲೊ ಮೊರ್ತಿಸ್'. ಮರಣಾಪಾಯದಲ್ಲಿ ಎಂದು ಅದರ ಅರ್ಥ. ಅಂಥ ಸಂದರ್ಭದಲ್ಲಿ ಗುರುಗಳೇ ಬರಬೇಕೆಂದಿಲ್ಲ, ಯಾರು ಬೇಕಾದರೂ ನೀರು ಹಾಕಿ ದೀಕ್ಷಾಸ್ನಾನ ಕೊಡಬಹುದೆಂಬುದು ಧರ್ಮಸಭೆಯ ನಿಯಮ. ಎಷ್ಟೋ ಕೂಸುಗಳಿಗೆ ಸೂಲಗಿತ್ತಿಯರೇ ನೀರು ಹಾಕಿದ್ದಾರೆ. ಅದೇ ಹೆಸರುಗಳು ಕೆಲವೇ ದಿನಗಳ ಅಂತರದಲ್ಲಿ ಸಮಾಧಿಯ ಪುಸ್ತಕದಲ್ಲಿಯೂ ಕಾಣುತ್ತವೆ. ಕೆಲವಕ್ಕೆ ಹೆಸರೂ ಇಲ್ಲ, 'ಇಂಥವರ ಮಗು' ಎಂದಷ್ಟೇ ಇದೆ. ನಮ್ಮ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು ಎರಡು ಸಾವಿರ ವರ್ಷಗಳಿಗೂ ಮೀರಿ ಉಳಿದು 1915ರಲ್ಲಿ ಲೋಕಕ್ಕೆ ತಿಳಿಯಿತು. ಈ ಕೂಸುಗಳ ಹೆಸರನ್ನು ಉಳಿಸಿಕೊಂಡ ಕಲ್ಲು ಯಾವುದೂ ಇಲ್ಲ.

ಅವುಗಳಲ್ಲಿ ಬಹಳಷ್ಟು ದಿನ ತುಂಬದ ಕೂಸುಗಳೆಂದು ನಮ್ಮ ಊಹೆ. ಇಂದು ನಾವು ಮಾತನಾಡಬೇಕೆಂದಿರುವುದು ಅಂಥ ಕೂಸುಗಳನ್ನು ಕುರಿತೇ. ಈ ವೇದಿಕೆಯ ಮೇಲೆ ಔಷಧಗಳ ವಿಷಯ ಏಕೆ, ಜಪಮಾಲೆಯ ವಿಷಯ ಏಕಲ್ಲ ಎಂದು ನಮ್ಮ ಹಿರಿಯರೊಬ್ಬರು ನಿನ್ನೆ ಕೇಳಿದರು. ಕಾರಣವನ್ನು ಮುಚ್ಚಿಡದೆ ಹೇಳುತ್ತೇವೆ.

2012ನೆಯ ಇಸವಿಯ ಮಳೆಗಾಲ. ಕಾಲುವೆಯ ಕೆಳಭಾಗದ ಒಂದು ಹಳ್ಳಿಯ ಸೊಸೆಗೆ ಏಳನೆಯ ತಿಂಗಳಲ್ಲಿಯೇ ಹೆರಿಗೆಯಾಯಿತು. ಕೂಸಿನ ತೂಕ 1,200 ಗ್ರಾಂ. ದೂರದ ಪಟ್ಟಣದ ಒಂದು ಆಸ್ಪತ್ರೆಯಲ್ಲಿ ಅದನ್ನು ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದರು. ನಮ್ಮನ್ನು ರಾತ್ರಿ ಕರೆದರು. ನಮ್ಮ ಹೆಬ್ಬೆರಳಿನಷ್ಟೇ ಅಗಲವಾದ ಹಣೆ. ಅದರ ಮೇಲೆ ಮೂರು ಹನಿ ನೀರು ಬಿಟ್ಟು ದೀಕ್ಷಾಸ್ನಾನ ಕೊಟ್ಟೆವು. ಹುಟ್ಟಿದ ಗಳಿಗೆಯಿಂದಲೇ ಅದಕ್ಕೆ ನಂಜು ತಡೆಯುವ ಸೂಜಿಗಳು ಆರಂಭವಾಗಿದ್ದವು. ಮೂರನೆಯ ದಿನ ಮತ್ತೆ ಹೋದಾಗ ಅಲ್ಲಿಯ ತರುಣ ವೈದ್ಯರು, ರಕ್ತದ ಪರೀಕ್ಷೆಯಲ್ಲಿ ಯಾವ ರೋಗಾಣುವೂ ಬೆಳೆದಿಲ್ಲ, ಕೂಸು ಲವಲವಿಕೆಯಿಂದಿದೆ, ಇಂದು ಸೂಜಿ ನಿಲ್ಲಿಸುತ್ತೇನೆ ಎಂದರು. ಕೂಸಿನ ಅಜ್ಜಿಗೆ ಕೈಕಾಲು ಆಡಲಿಲ್ಲ. "ಸ್ವಾಮ್ಯಾರ, ಸೂಜಿ ನಿಲ್ಲಸ್ತೀನಿ ಅಂತಾರ್ರಿ. ರೊಕ್ಕ ಇಲ್ಲಂತ ನಿಲ್ಲಸ್ತಾರೋ ಏನೋ. ನೀವ ಒಂದ ಮಾತ ಹೇಳ್ರಿ" ಎಂದು ಬೇಡಿಕೊಂಡಳು. ನಾವು ಹೇಳಿದೆವು. ನಿಲುವಂಗಿ ತೊಟ್ಟವರ ಮಾತಿಗೆ ಇರುವ ತೂಕವನ್ನೆಲ್ಲ ಹಾಕಿ ಹೇಳಿದೆವು: ಇನ್ನೊಂದು ವಾರ ಇರಲಿ ಡಾಕ್ಟರೇ, ಇದ್ದರೆ ಏನು ಕೇಡು? ಆ ತರುಣರು ಏನನ್ನೋ ವಿವರಿಸಲು ಬಾಯಿ ತೆರೆದರು, ಅಜ್ಜಿಯ ಮುಖವನ್ನೂ ನಮ್ಮ ಮುಖವನ್ನೂ ನೋಡಿದರು, ಸುಮ್ಮನಾದರು. ಸೂಜಿ ಮುಂದುವರಿಯಿತು.

ತಾಯಿಯನ್ನು ಆ ವೇಳೆಗೆ ಮನೆಗೆ ಕಳಿಸಿದ್ದರು. ಕೂಸಿಗೆ ಡಬ್ಬಿಯ ಪುಡಿ ಹಾಲು ನಡೆದಿತ್ತು. ಹದಿನಾರನೆಯ ದಿನ ಅದರ ಹೊಟ್ಟೆ ಡೊಳ್ಳಿನ ಹಾಗೆ ಬಿಗಿಯಿತು. ಹಸಿರು ವಾಂತಿಯಾಯಿತು, ಮಲದಲ್ಲಿ ರಕ್ತ ಬಂತು. ಹದಿನೆಂಟನೆಯ ದಿನ ನಾವು ಆ ಕೂಸನ್ನು ಸಮಾಧಿ ಮಾಡಿದೆವು.

ಆ ಸೂಜಿಗಳಿಂದಲೇ ಕೂಸು ಸತ್ತಿತೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಆ ವೈದ್ಯರೂ ಹಾಗೆ ಹೇಳಲಿಲ್ಲ. ಒಂದು ದಿನವೂ ಹೆಚ್ಚು ಸೂಜಿ ಪಡೆಯದ ಕೂಸಿಗೂ ಈ ರೋಗ ಬರುತ್ತದೆ ಎಂದು ನಮ್ಮನ್ನೇ ಸಮಾಧಾನಪಡಿಸಿದರು. ಆದರೆ 'ಏನು ಕೇಡು?' ಎಂದು ನಾವು ಕೇಳಿದ ಪ್ರಶ್ನೆಗೆ ಉತ್ತರವಿತ್ತು. ಆ ಉತ್ತರ ನಮಗೆ ತಿಳಿದಿರಲಿಲ್ಲ, ತಿಳಿದಿದ್ದ ವೈದ್ಯರ ಬಾಯಿಯನ್ನು ನಾವು ಕಟ್ಟಿದೆವು. ಅಂದಿನಿಂದ ಈ ವಿಷಯವನ್ನು, ವೈದ್ಯರಾದ ಧರ್ಮಭಗಿನಿಯರಲ್ಲಿಯೂ ಇತರ ಬಲ್ಲವರಲ್ಲಿಯೂ ಕೇಳಿ, ಓದಿ, ನಮಗೆ ನಿಲುಕಿದಷ್ಟು ತಿಳಿದುಕೊಂಡಿದ್ದೇವೆ. ಅದನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇವೆ.

ಗರ್ಭದಲ್ಲಿ 37 ವಾರಗಳನ್ನು ತುಂಬುವ ಮೊದಲೇ ಹುಟ್ಟಿದ ಶಿಶುವನ್ನು ಅಕಾಲಿಕ ಶಿಶು ಎನ್ನುತ್ತಾರೆ. 2020ರಲ್ಲಿ ನಮ್ಮ ದೇಶವೊಂದರಲ್ಲಿಯೇ ಸುಮಾರು 30 ಲಕ್ಷ ಶಿಶುಗಳು ಹೀಗೆ ಹುಟ್ಟಿದವೆಂದು ಅಂದಾಜು. ಲೋಕದ ಬೇರಾವ ದೇಶದಲ್ಲಿಯೂ ಇಷ್ಟಿಲ್ಲ. ಇಂಥ ಶಿಶುವಿನ ಪುಪ್ಪುಸ ಎಳೆಯದು, ಚರ್ಮ ಎಳೆಯದು ಎಂಬುದು ಕಣ್ಣಿಗೇ ಕಾಣುತ್ತದೆ. ಕರುಳೂ ಅಷ್ಟೇ ಎಳೆಯದೆಂಬುದು ಕಾಣುವುದಿಲ್ಲ. ಅದರ ಗೋಡೆ ಇನ್ನೂ ಬಿಗಿಯಾಗಿರುವುದಿಲ್ಲ, ರಕ್ತದ ಓಟ ಸಾಲದು, ಒಳಗೆ ಬಂದದ್ದು ಮಿತ್ರನೋ ಶತ್ರುವೋ ಎಂದು ಗುರುತಿಸುವ ಶಕ್ತಿ ಹದಕ್ಕೆ ಬಂದಿರುವುದಿಲ್ಲ. ಆದುದರಿಂದ ಕೆಲವು ಶಿಶುಗಳಲ್ಲಿ, ಸಾಮಾನ್ಯವಾಗಿ ಎರಡನೆಯ ಅಥವಾ ಮೂರನೆಯ ವಾರದಲ್ಲಿ, ಕರುಳು ಉರಿಗೊಂಡು ಅದರ ಗೋಡೆಯೇ ಸಾಯತೊಡಗುತ್ತದೆ. ಗೋಡೆಯೊಳಗೆ ಗಾಳಿ ಸೇರಿಕೊಂಡು ಎಕ್ಸ್-ರೇ ಚಿತ್ರದಲ್ಲಿ ಗುಳ್ಳೆಗಳಂತೆ ಕಾಣುತ್ತದೆ. ಕೊನೆಗೆ ತೂತೂ ಬೀಳಬಹುದು. ವೈದ್ಯರು ಇದನ್ನು ನೆಕ್ರೊಟೈಸಿಂಗ್ ಎಂಟರೊಕೊಲೈಟಿಸ್ ಎನ್ನುತ್ತಾರೆ. ಉಚ್ಚರಿಸಲು ನಮಗೂ ಕಷ್ಟ. ಕರುಳು ಕೊಳೆಯುವ ರೋಗ ಎಂದೇ ಕರೆಯೋಣ. ಒಂದೂವರೆ ಕಿಲೋಗಿಂತ ಕಡಿಮೆ ತೂಕದ ಶಿಶುಗಳಲ್ಲಿ ನೂರಕ್ಕೆ 5ರಿಂದ 10ಕ್ಕೆ ಇದು ಬರುತ್ತದೆ, ಬಂದವುಗಳಲ್ಲಿ ನೂರಕ್ಕೆ 20ರಿಂದ 30 ಉಳಿಯುವುದಿಲ್ಲ. ಉಳಿದವುಗಳಲ್ಲಿ ಕೆಲವಕ್ಕೆ ಕರುಳಿನ ಒಂದು ಭಾಗವನ್ನೇ ಕತ್ತರಿಸಿ ತೆಗೆಯಬೇಕಾಗುತ್ತದೆ.

ಇದಕ್ಕೂ ಪ್ರತಿಜೀವಕ ಔಷಧಕ್ಕೂ, ಅಂದರೆ ನಾವೆಲ್ಲ ಆಂಟಿಬಯೋಟಿಕ್ ಎನ್ನುವ ಮದ್ದಿಗೂ, ಏನು ಸಂಬಂಧ? ಇಲ್ಲಿ ಕುಳಿತಿರುವ ಸಿಂಧನೂರು ಸೀಮೆಯ ಭತ್ತದ ರೈತರಿಗೆ ಇದು ನಮಗಿಂತ ಬೇಗ ಅರ್ಥವಾಗುತ್ತದೆ. ಭತ್ತದ ಗದ್ದೆಯಲ್ಲಿ ಕಂದು ಜಿಗಿಹುಳು ಇರುತ್ತದೆ, ಅದನ್ನು ತಿನ್ನುವ ಜೇಡವೂ ಇರುತ್ತದೆ. ಹುಳು ಕಾಣುವ ಮೊದಲೇ ಹೆದರಿ ವಾರಕ್ಕೊಮ್ಮೆ ಎಣ್ಣೆ ಹೊಡೆದರೆ ಮೊದಲು ಸಾಯುವುದು ಜೇಡ. ಜಿಗಿಹುಳುವಿನ ಮೊಟ್ಟೆ ತೆಂಡೆಯೊಳಗೆ ಅಡಗಿ ಉಳಿದು, ತಿನ್ನುವವರಿಲ್ಲದ ಗದ್ದೆಯಲ್ಲಿ ಹತ್ತು ಪಟ್ಟಾಗಿ ಏಳುತ್ತದೆ. ಹಸಿರು ಪೈರು ಸುಟ್ಟಂತೆ ಒಣಗಿ ನಿಲ್ಲುತ್ತದೆ. ಇಂಡೋನೇಷ್ಯ ದೇಶ ಇದೇ ಕಾರಣಕ್ಕೆ 1986ರಲ್ಲಿ ಭತ್ತಕ್ಕೆ ಬಳಸುತ್ತಿದ್ದ 57 ಕೀಟನಾಶಕಗಳನ್ನು ನಿಷೇಧಿಸಿತು. ನಮ್ಮ ಕ್ಯಾಂಪುಗಳ ರೈತರಲ್ಲಿ ಎಷ್ಟು ಜನ ಈ ಪಾಠವನ್ನು ನಷ್ಟ ತೆತ್ತು ಕಲಿತಿದ್ದಾರೆಂದು ನಾವು ಇಲ್ಲಿ ಕೇಳುವುದಿಲ್ಲ.

ಕೂಸಿನ ಕರುಳೂ ಹೊಸದಾಗಿ ಬಿತ್ತಿದ ಮಡಿಯೇ. ಹುಟ್ಟುವಾಗ ತಾಯಿಯ ಮೈಯಿಂದ, ಆಮೇಲೆ ತಾಯಿಯ ಚರ್ಮದಿಂದ, ಹಾಲಿನಿಂದ ಒಳ್ಳೆಯ ಸೂಕ್ಷ್ಮಾಣುಗಳು ಅಲ್ಲಿ ಬಂದು ನೆಲೆಸುತ್ತವೆ. ಎದೆಹಾಲು ಕುಡಿಯುವ ಶಿಶುಗಳ ಕರುಳಿನಲ್ಲಿ ವಾಸಿಸುವ ಇಂಥ ಒಂದು ಕುಲವನ್ನು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಹೆನ್ರಿ ಟಿಸ್ಸಿಯೆ ಎಂಬ ವಿಜ್ಞಾನಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಗುರುತಿಸಿದ್ದರು. ತಾಯಿಯ ಹಾಲಿನಲ್ಲಿ ಒಂದು ಬಗೆಯ ಸಕ್ಕರೆಗಳಿವೆ. ಅವು ಕೂಸಿಗೆ ಜೀರ್ಣವೇ ಆಗುವುದಿಲ್ಲ. ಜೀರ್ಣವಾಗದ ಸಕ್ಕರೆಯನ್ನು ತಾಯಿಯ ಮೈ ಏಕೆ ತಯಾರಿಸುತ್ತದೆ? ಈ ಒಳ್ಳೆಯ ಸೂಕ್ಷ್ಮಾಣುಗಳ ಉಣಿಸಿಗಾಗಿ. ತಾಯಿ ಕೂಸಿಗೆ ಮಾತ್ರ ಉಣಿಸುವುದಿಲ್ಲ, ಕೂಸನ್ನು ಕಾಯುವವರಿಗೂ ಉಣಿಸುತ್ತಾಳೆ. ಇದನ್ನು ಮೊದಲ ಸಲ ಓದಿದ ದಿನ ನಾವು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ಆಂಪಿಸಿಲಿನ್, ಜೆಂಟಮೈಸಿನ್ ಮುಂತಾದ ಮದ್ದುಗಳಿಗೆ ಮಿತ್ರ ಶತ್ರು ಎಂಬ ಭೇದವಿಲ್ಲ. ಅವು ದಿನಗಟ್ಟಲೆ ನಡೆದರೆ ಮಡಿ ಬರಿದಾಗುತ್ತದೆ. ಮದ್ದಿಗೆ ಬಗ್ಗದ, ಆಸ್ಪತ್ರೆಯ ಗೋಡೆ ನಲ್ಲಿ ಕೈಗಳ ಮೇಲೆ ಬದುಕುವ ಕೆಟ್ಟ ಕುಲಗಳು ಆ ಬರಿದಾದ ಜಾಗವನ್ನು ಹಿಡಿಯುತ್ತವೆ. ಇವುಗಳನ್ನು ಕಂಡು ಎಳೆಯ ಕರುಳು ಗಾಬರಿಗೊಂಡು ಉರಿಯತೊಡಗುತ್ತದೆ.

ಸುಮ್ಮನೆ ಇರಲಿ ಎಂದು ಕೊಟ್ಟ ಮದ್ದು ಅಕಾಲಿಕ ಶಿಶುಗಳಿಗೆ ಮುಳುವಾದದ್ದು ಹೊಸ ಕಥೆಯಲ್ಲ. 1956ರಲ್ಲಿ ನ್ಯೂಯಾರ್ಕಿನ ವಿಲಿಯಂ ಸಿಲ್ವರ್ಮನ್ ಮತ್ತು ಸಂಗಡಿಗರು ಒಂದು ವರದಿ ಪ್ರಕಟಿಸಿದರು: ನಂಜು ಬಾರದಿರಲೆಂದು ಪೆನಿಸಿಲಿನ್ ಜೊತೆಗೆ ಒಂದು ಸಲ್ಫಾ ಔಷಧವನ್ನು ಪಡೆದ ಶಿಶುಗಳೇ ಹೆಚ್ಚು ಸತ್ತಿದ್ದವು, ಕಾಮಾಲೆಯ ವಿಷ ಅವುಗಳ ಮಿದುಳಿಗೆ ಏರಿತ್ತು. ಮೂರು ವರ್ಷಗಳ ಅನಂತರ ಲಾಸ್ ಏಂಜಲಿಸ್ ನಗರದಿಂದ ಇನ್ನೂ ಘೋರವಾದ ಸುದ್ದಿ ಬಂದಿತು. ಟೈಫಾಯ್ಡಿಗೆ ಕೊಡುತ್ತಿದ್ದ ಕ್ಲೋರಾಂಫೆನಿಕಾಲ್ ಔಷಧವನ್ನು ಮುನ್ನೆಚ್ಚರಿಕೆಗೆಂದು ಪಡೆದ ಅಕಾಲಿಕ ಶಿಶುಗಳಲ್ಲಿ ನೂರಕ್ಕೆ 60 ಸತ್ತಿದ್ದವು. ಏನೂ ಪಡೆಯದವುಗಳಲ್ಲಿ ನೂರಕ್ಕೆ 19. ಕೊಟ್ಟವರು ಕೆಟ್ಟವರಲ್ಲ. ಕೂಸು ಉಳಿಯಲೆಂದೇ ಕೊಟ್ಟರು. ಲೆಕ್ಕ ಇಟ್ಟು ಹೋಲಿಸಿ ನೋಡಿದ್ದರಿಂದ ಮಾತ್ರ ಸತ್ಯ ಹೊರಬಿತ್ತು.

ಕರುಳಿನ ರೋಗದ ಲೆಕ್ಕ ಹೊರಬೀಳಲು ಇನ್ನೂ ಐವತ್ತು ವರ್ಷ ಬೇಕಾಯಿತು. 2009ರಲ್ಲಿ ಅಮೆರಿಕದ ಅನೇಕ ಆಸ್ಪತ್ರೆಗಳ, ಒಂದು ಕಿಲೋಗಿಂತ ಹೆಚ್ಚಿಲ್ಲದ 4,039 ಶಿಶುಗಳ ದಾಖಲೆಗಳನ್ನು ಒಟ್ಟುಗೂಡಿಸಿ ನೋಡಿದರು. ರಕ್ತಪರೀಕ್ಷೆಯಲ್ಲಿ ಏನೂ ಬೆಳೆಯದಿದ್ದರೂ ಅರ್ಧಕ್ಕಿಂತ ಹೆಚ್ಚು ಶಿಶುಗಳಿಗೆ ಐದು ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಮದ್ದು ಮುಂದುವರಿದಿತ್ತು. ಹಾಗೆ ಮುಂದುವರಿದ ಒಂದೊಂದು ದಿನಕ್ಕೂ ಕರುಳಿನ ರೋಗದ ಸಂಭವ ನೂರಕ್ಕೆ 7ರಷ್ಟು, ಸಾವಿನ ಸಂಭವ ನೂರಕ್ಕೆ 16ರಷ್ಟು ಏರಿದ್ದು ಕಂಡುಬಂತು. 2011ರಲ್ಲಿ ಮತ್ತೊಂದು ಅಧ್ಯಯನ, ಈ ರೋಗ ಬಂದ 124 ಶಿಶುಗಳನ್ನು ಬಾರದ 248 ಶಿಶುಗಳೊಂದಿಗೆ ಹೋಲಿಸಿತು. ನಂಜಿಲ್ಲದಿದ್ದರೂ ಹತ್ತು ದಿನಗಳಿಗಿಂತ ಹೆಚ್ಚು ಮದ್ದು ಪಡೆದವುಗಳಿಗೆ ಅಪಾಯ ಸುಮಾರು ಮೂರು ಪಟ್ಟು.

ಇಷ್ಟು ಕೇಳಿ ಯಾರೂ ಇಲ್ಲಿಂದ ಎದ್ದು ಹೋಗಿ, ಫಾದರ್ ಸೂಜಿ ಬೇಡವೆಂದರು ಎಂದು ಊರಲ್ಲಿ ಸಾರಬಾರದು. ನಮಗೆ ಆ ಭಯ ಉಂಟು, ಏಕೆಂದರೆ ನಮ್ಮ ಮಾತಿನ ಅರ್ಧ ಮಾತ್ರ ಮಸ್ಕಿ ತಲುಪುವುದನ್ನು ನಾವು ಅನೇಕ ಸಲ ಕಂಡಿದ್ದೇವೆ. ಉಳಿದ ಅರ್ಧವನ್ನು ಈಗ ಕೇಳಿರಿ. ರಕ್ತಕ್ಕೆ ನಂಜೇರಿದ ಅಕಾಲಿಕ ಶಿಶು ಮದ್ದಿಲ್ಲದಿದ್ದರೆ ಕೆಲವೇ ಗಂಟೆಗಳಲ್ಲಿ ಕೈಬಿಟ್ಟುಹೋಗುತ್ತದೆ. ಹುಟ್ಟಿದ ದಿನ ಅದಕ್ಕೆ ನಂಜಿದೆಯೋ ಇಲ್ಲವೋ ಎಂದು ನೋಡಿ ಹೇಳುವುದು ಎಂಥ ವೈದ್ಯರಿಗೂ ಕಷ್ಟ. ಆದುದರಿಂದ ರಕ್ತವನ್ನು ಪರೀಕ್ಷೆಗೆ ಕಳಿಸಿ ಕೂಡಲೇ ಮದ್ದು ಆರಂಭಿಸುವುದು ಸರಿಯಾದ ಕ್ರಮವೇ. ಕರುಳಿನ ರೋಗವೇ ಬಂದ ಮೇಲೆ ಅದರ ಚಿಕಿತ್ಸೆಗೂ ಬೇಕಾಗುವುದು ಇವೇ ಮದ್ದುಗಳು. ಇನ್ನೂ ಒಂದು ಮಾತು. 2020ರಲ್ಲಿ ಐದು ಖಂಡಗಳ 13 ಆಸ್ಪತ್ರೆ ಘಟಕಗಳ 2,831 ಶಿಶುಗಳನ್ನು ಕುರಿತು ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಮೂರು ದಿನಗಳೊಳಗೆ ಮದ್ದು ಆರಂಭಿಸಿದ ಶಿಶುಗಳಲ್ಲಿಯೇ ಕರುಳಿನ ರೋಗ ಕಡಿಮೆ ಕಂಡಿತು. ವಿದ್ವಾಂಸರ ಲೆಕ್ಕಗಳು ಹೀಗೆ ಒಂದಕ್ಕೊಂದು ಎದುರಾಗುವುದುಂಟು. ಮೊದಲೇ ಹೆಚ್ಚು ಬಳಲಿದ ಶಿಶುವಿಗೆ ಹೆಚ್ಚು ದಿನ ಮದ್ದು ಕೊಡುತ್ತಾರೆ. ರೋಗ ಬಂದದ್ದು ಮದ್ದಿನಿಂದಲೋ ಬಳಲಿಕೆಯಿಂದಲೋ ಎಂದು ಬಿಡಿಸುವುದು ಸುಲಭವಲ್ಲ. ಈ ಅಧ್ಯಯನಗಳನ್ನು ಒಟ್ಟಿಗೆ ಓದಿದಾಗ ನಮಗೆ ತೋರುವುದಿಷ್ಟು: ತಕರಾರು ಇರುವುದು ಆರಂಭಿಸುವುದರಲ್ಲಿ ಅಲ್ಲ, ಕಾರಣವಿಲ್ಲದೆ ಎಳೆಯುವುದರಲ್ಲಿ. ರಕ್ತದಲ್ಲಿ ರೋಗಾಣು ಇದ್ದರೆ ಅದು ಬಹುಮಟ್ಟಿಗೆ 36ರಿಂದ 48 ಗಂಟೆಗಳೊಳಗೆ ಪರೀಕ್ಷೆಯಲ್ಲಿ ಬೆಳೆದು ತೋರುತ್ತದೆ. ಬೆಳೆಯದೆ, ಕೂಸೂ ಚೆನ್ನಾಗಿದ್ದರೆ, ನಿಲ್ಲಿಸುತ್ತೇನೆ ಎನ್ನುವ ವೈದ್ಯರು ಹಣ ಉಳಿಸುತ್ತಿಲ್ಲ, ಜವಾಬ್ದಾರಿ ತಪ್ಪಿಸಿಕೊಳ್ಳುತ್ತಿಲ್ಲ. ಆರಂಭಿಸುವುದಕ್ಕಿಂತ ನಿಲ್ಲಿಸುವುದಕ್ಕೆ ಹೆಚ್ಚು ಧೈರ್ಯ ಬೇಕು. ಆ ಧೈರ್ಯವನ್ನು ಅಂದು ನಾವು ಕಸಿದುಕೊಂಡೆವು.

ಹಾಗಾದರೆ ಮನೆಯವರು ಕೇಳಬೇಕಾದದ್ದೇನು? ಜಗಳದ ದನಿಯಲ್ಲಿ ಅಲ್ಲ, ವಿನಯದಿಂದ ಕೇಳಿರಿ: ಡಾಕ್ಟರೇ, ರಕ್ತದ ಕಲ್ಚರ್ ಕಳಿಸಿದ್ದೀರಾ, ಅದರ ಉತ್ತರ ಎಂದು ಬರುತ್ತದೆ, ಏನೂ ಬೆಳೆಯದಿದ್ದರೆ ಈ ಮದ್ದು ಎಂದು ನಿಲ್ಲುತ್ತದೆ? ಇಷ್ಟೇ. ಮುಂದುವರಿಸಬೇಕು ಎಂದು ಅವರು ಕಾರಣ ಕೊಟ್ಟರೆ ಒಪ್ಪಿಕೊಳ್ಳಿರಿ. ನಮ್ಮ ಸೀಮೆಯಲ್ಲಿ ಒಂದು ನಂಬಿಕೆ ಬೇರೂರಿದೆ: ಸೂಜಿ ಮಾಡದವನು ಡಾಕ್ಟರೇ ಅಲ್ಲ, ಸಲೈನ್ ಹಚ್ಚದ ಆಸ್ಪತ್ರೆ ಆಸ್ಪತ್ರೆಯೇ ಅಲ್ಲ. ಲಿಂಗಸುಗೂರಿನ ಸಂತೆಗೆ ಹೋದವರು ಬರುವಾಗ ಔಷಧದ ಅಂಗಡಿಯಲ್ಲಿ ಚೀಟಿ ಇಲ್ಲದೆ 'ಪವರಿನ ಗುಳಿಗೆ' ಕೇಳಿ ತರುವುದನ್ನು ನಾವು ಬಲ್ಲೆವು. ಬಸುರಿ ಹೆಂಗಸರೂ ತರಿಸಿಕೊಳ್ಳುತ್ತಾರೆ. ಅನೇಕ ಪ್ರಬಲ ಪ್ರತಿಜೀವಕಗಳನ್ನು ಚೀಟಿ ಇಲ್ಲದೆ ಮಾರಕೂಡದು, ಮಾರಿದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು ಎಂಬ ನಿಯಮ 2014ರ ಮಾರ್ಚಿನಿಂದಲೇ ಜಾರಿಯಲ್ಲಿದೆ. ನಿಯಮ ಕಾಗದದಲ್ಲಿದೆ, ಗುಳಿಗೆ ನಮ್ಮ ಚೀಲದಲ್ಲಿದೆ. ಇದರ ಫಲ ಎಲ್ಲಿಗೆ ಮುಟ್ಟಿದೆ ಎಂಬುದನ್ನು ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಲ್ಲಿ ನವಜಾತ ಶಿಶುಗಳ ರಕ್ತದಲ್ಲಿ ಹೆಚ್ಚಾಗಿ ಸಿಕ್ಕ ರೋಗಾಣು ಅಸಿನೆಟೊಬ್ಯಾಕ್ಟರ್. ಅದರ ನೂರು ತಳಿಗಳಲ್ಲಿ 80ಕ್ಕೂ ಹೆಚ್ಚು ಹಲವು ಮದ್ದುಗಳಿಗೆ ಬಗ್ಗದವಾಗಿದ್ದವು. ಹುಟ್ಟಿ ವಾರವೂ ಆಗದ ಕೂಸು, ತಾನೆಂದೂ ನುಂಗದ ಗುಳಿಗೆಗಳ ಸಾಲವನ್ನು ತೀರಿಸುತ್ತಿದೆ.

ಇನ್ನು ಹಾಲಿನ ವಿಷಯ. ಇಲ್ಲಿ ಸ್ವಲ್ಪ ನಿಂತು ಮಾತನಾಡುತ್ತೇವೆ, ಏಕೆಂದರೆ ಸೂಜಿ ವೈದ್ಯರ ಕೈಯಲ್ಲಿದೆ, ಹಾಲು ನಮ್ಮ ಮನೆಯಲ್ಲಿದೆ. 1990ರಲ್ಲಿ ಇಂಗ್ಲೆಂಡಿನಲ್ಲಿ 926 ಅಕಾಲಿಕ ಶಿಶುಗಳನ್ನು ನೋಡಿ ಬರೆದ ವರದಿಯ ಪ್ರಕಾರ, ಪುಡಿ ಹಾಲನ್ನೇ ಕುಡಿದ ಶಿಶುಗಳಿಗೆ ಕರುಳು ಕೊಳೆಯುವ ರೋಗ ಎದೆಹಾಲನ್ನೇ ಕುಡಿದವುಗಳಿಗಿಂತ ಆರರಿಂದ ಹತ್ತು ಪಟ್ಟು ಹೆಚ್ಚು ಬಂದಿತ್ತು. ಮೊದಲ ದಿನಗಳ ಹಳದಿ ಹಾಲನ್ನು, ದನದ ಗಿಣ್ಣದ ಹಾಗೆ ಭಾರ ಎಂದು ಹಿಂಡಿ ಚೆಲ್ಲುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಬದಲಿಗೆ ಸಕ್ಕರೆ ನೀರು, ಜೇನು, ಔಡಲೆಣ್ಣೆ, ತೇಯ್ದ ಬಜೆ ನೆಕ್ಕಿಸುತ್ತಾರೆ. ಅಜ್ಜಿಯಂದಿರೇ, ನಿಮ್ಮ ಪ್ರೀತಿಯನ್ನು ನಾವು ಪ್ರಶ್ನಿಸುವುದಿಲ್ಲ. ಆದರೆ ದಿನ ತುಂಬದ ಕೂಸಿನ ಬಾಯಿಗೆ ದಯವಿಟ್ಟು ಬಜೆಯನ್ನು ಒಯ್ಯಬೇಡಿರಿ. ಕೂಸಿಗೆ ಚೀಪುವ ಶಕ್ತಿ ಇಲ್ಲದಿದ್ದರೆ ತಾಯಿ ಹಾಲನ್ನು ಶುದ್ಧವಾದ ಬಟ್ಟಲಿಗೆ ಹಿಂಡಿ ಕೊಡಬಹುದು; ಆಸ್ಪತ್ರೆಯಲ್ಲಿ ದಾದಿಯರು ಅದನ್ನು ನಳಿಕೆಯಿಂದಲೋ ಚಮಚದಿಂದಲೋ ಕುಡಿಸುತ್ತಾರೆ. ಅದಕ್ಕಾಗಿ ತಾಯಿ ಕೂಸಿನ ಹತ್ತಿರ ಇರಬೇಕು. ಆಕೆಯನ್ನು ಊರಿಗೆ ಕಳಿಸಿ ಕೂಸನ್ನು ಅಲ್ಲಿ ಬಿಡುವುದು ಅಂದಿನ ನಮ್ಮ ಎರಡನೆಯ ತಪ್ಪು. ತಾಯಿ ಉಳಿಯಲು ಜಾಗ ಕೇಳೋಣ ಎಂದು ನಮಗೆ ಹೊಳೆಯಲೇ ಇಲ್ಲ.

ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಎಂಬ ವೈದ್ಯೆ ಬಡವರ ಕೂಸುಗಳು ನಂಜಿನಿಂದ ಸಾಯುವುದನ್ನು ಕಂಡು, ಬಾಟಲಿಯನ್ನೂ ಪುಡಿ ಹಾಲನ್ನೂ ದೂರವಿಟ್ಟು, ತಾಯಂದಿರನ್ನು ಒಳಗೆ ಕರೆದರು. 1989ರಲ್ಲಿ ಅಲ್ಲಿಯೇ ಏಷ್ಯಾ ಖಂಡದ ಮೊದಲನೆಯ ತಾಯಿಹಾಲಿನ ಭಂಡಾರವನ್ನು ತೆರೆದರು. ಹಾಲು ಹೆಚ್ಚಾದ ತಾಯಿ ಕೊಟ್ಟದ್ದನ್ನು ಪರೀಕ್ಷಿಸಿ, ಹದವಾಗಿ ಕಾಯಿಸಿ, ತಣ್ಣಗಿಟ್ಟು, ಇಲ್ಲದವಳ ಕೂಸಿಗೆ ಕೊಡುವ ವ್ಯವಸ್ಥೆ ಅದು. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ಅಂಥದೊಂದು ಆರಂಭವಾಗಿದೆ. ಸಿಂಧನೂರಿನಿಂದ ಬೆಂಗಳೂರು ಬಹು ದೂರ, ಅದು ನಿಜ.

ಆದರೆ ಕೊಪ್ಪಳ ದೂರವಲ್ಲ. ಕಾರಟಗಿ ದಾಟಿದರೆ ಗಂಗಾವತಿ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 1963ರಲ್ಲಿ ಸ್ಥಾಪಿಸಿದ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯ ತಜ್ಞರು ಸರಕಾರದೊಂದಿಗೆ ಕೂಡಿ, ಕೊಪ್ಪಳ ಜಿಲ್ಲೆಯಲ್ಲಿ ಎರಡು ಕಿಲೋಗಿಂತ ಕಡಿಮೆ ತೂಕದ ಕೂಸುಗಳನ್ನು ತಾಯಿಯ ಎದೆಗೆ ಕಟ್ಟಿ ಬೆಳೆಸುವ ಕ್ರಮವನ್ನು ಸರಕಾರಿ ಆಸ್ಪತ್ರೆಗಳಿಂದ ಮನೆಮನೆಯವರೆಗೆ ಮುಟ್ಟಿಸಿದರು. ಅದರ ವರದಿ 2021ರಲ್ಲಿ ಪ್ರಕಟವಾಯಿತು. ಇದಕ್ಕೆ ಕಾಂಗರೂ ತಾಯಿ ಆರೈಕೆ ಎಂದು ಹೆಸರು. ಕೊಲಂಬಿಯ ದೇಶದ ಬೊಗೊಟಾ ನಗರದಲ್ಲಿ 1970ರ ದಶಕದ ಕೊನೆಯಲ್ಲಿ, ಗಾಜಿನ ಪೆಟ್ಟಿಗೆಗಳು ಸಾಲದೆ ಬಂದಾಗ ಹುಟ್ಟಿದ ಉಪಾಯ. ಬಟ್ಟೆಯಿಲ್ಲದ ಕೂಸನ್ನು, ಟೊಪ್ಪಿಗೆ ಮತ್ತು ಲಂಗೋಟಿ ಮಾತ್ರ ಹಾಕಿ, ತಾಯಿಯ ಬರಿಯ ಎದೆಗೆ ಕಪ್ಪೆಯ ಹಾಗೆ ಅಂಟಿಸಿ ಕಟ್ಟುತ್ತಾರೆ. ಅಲ್ಲಿ ಬಿಸುಪು ಸಿಗುತ್ತದೆ, ಹಾಲು ಸಿಗುತ್ತದೆ. ನಾವು ಆಗಲೇ ಹೇಳಿದ ಒಳ್ಳೆಯ ಸೂಕ್ಷ್ಮಾಣುಗಳು ಆಸ್ಪತ್ರೆಯ ಗೋಡೆಯಿಂದಲ್ಲ, ತಾಯಿಯ ಚರ್ಮದಿಂದ ಬರುತ್ತವೆ. ಭಾರತವೂ ಸೇರಿ ಐದು ದೇಶಗಳಲ್ಲಿ 3,211 ಕೂಸುಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶವೂ 2021ರಲ್ಲಿಯೇ ಬಂದಿತು. ಹುಟ್ಟಿದ ಕೂಡಲೇ ಹೀಗೆ ಕಟ್ಟಿದವುಗಳಲ್ಲಿ ಮೊದಲ 28 ದಿನಗಳ ಸಾವು ನೂರಕ್ಕೆ 12. ಸ್ಥಿತಿ ಸುಧಾರಿಸಿದ ಮೇಲೆ ಕಟ್ಟಿದವುಗಳಲ್ಲಿ ನೂರಕ್ಕೆ 15.7. ನಂಜೂ ಕಡಿಮೆಯಾಗಿತ್ತು. ನಂಜು ಕಡಿಮೆಯಾದರೆ ಸೂಜಿಯ ಪ್ರಶ್ನೆಯೇ ಅಷ್ಟು ಕಡಿಮೆ.

ತಂದೆಯೂ ಕಟ್ಟಿಕೊಳ್ಳಬಹುದು. ನಮ್ಮ ಧರ್ಮಕೇಂದ್ರದ ಟ್ರ್ಯಾಕ್ಟರ್ ನಡೆಸುವ ಒಬ್ಬ ಯುವಕ, ಹೆಂಡತಿಗೆ ಶಸ್ತ್ರಚಿಕಿತ್ಸೆಯಾಗಿದ್ದಾಗ, ಆರು ದಿನ ಕೂಸನ್ನು ಎದೆಗೆ ಕಟ್ಟಿಕೊಂಡು ಆಸ್ಪತ್ರೆಯ ಕುರ್ಚಿಯಲ್ಲಿ ಕುಳಿತಿದ್ದನು. "ಬಿಡಿ ಸೇದೋದು ಬಿಟ್ಟೇನ್ರಿ ಫಾದರ್, ವಾಸನಿಗೆ ಕೂಸು ಸೀನತೈತಿ" ಎಂದು ನಮಗೆ ವರದಿ ಒಪ್ಪಿಸಿದನು. ಆ ಕೂಸು ಈಗ ಓಡಾಡುತ್ತಿದೆ. ಹೋದ ಭಾನುವಾರದ ಪೂಜೆಯಲ್ಲಿ, ನಮ್ಮ ಪ್ರಬೋಧನೆಯ ನಡುವೆ ಕಾಣಿಕೆಯ ತಟ್ಟೆಯನ್ನು ಬಡಿದು ಸದ್ದು ಮಾಡಿದ್ದು ಅದೇ.

ಮನೆಗೆ ಬಂದ ಮೇಲಿನ ಎಚ್ಚರಿಕೆಯನ್ನು ಚುಟುಕಾಗಿ ಹೇಳುತ್ತೇವೆ. ಕೂಸು ಹಾಲು ಬಿಟ್ಟರೆ, ಮೈ ತಣ್ಣಗಾದರೆ ಅಥವಾ ಸುಟ್ಟರೆ, ಹೊಟ್ಟೆ ಉಬ್ಬಿ ಬಿಗಿಯಾದರೆ, ವಾಂತಿ ಹಸಿರಾದರೆ, ಮಲದಲ್ಲಿ ರಕ್ತ ಕಂಡರೆ, ಉಸಿರು ನಿಂತು ನಿಂತು ಬಂದರೆ, ಹರಕೆಗಾಗಲಿ ದೃಷ್ಟಿ ತೆಗೆಯುವುದಕ್ಕಾಗಲಿ ಕಾಯದೆ 108ಕ್ಕೆ ಫೋನು ಮಾಡಿ ರಾಯಚೂರಿನಂಥ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಸರಕಾರಿ ಆಸ್ಪತ್ರೆಗಳಲ್ಲಿ ಒಂದು ವರ್ಷದೊಳಗಿನ ಕಾಯಿಲೆಯ ಶಿಶುವಿನ ಚಿಕಿತ್ಸೆಗೂ ಸಾಗಣೆಗೂ ಹಣ ಕೊಡಬೇಕಾಗಿಲ್ಲ. ದಾರಿಯಲ್ಲಿ ಕೂಸು ತಾಯಿಯ ಎದೆಗೆ ಅಂಟಿರಲಿ. ಆಶಾ ಕಾರ್ಯಕರ್ತೆ ಮೊದಲ ಆರು ವಾರಗಳಲ್ಲಿ ಆರು ಸಲ ಮನೆಗೆ ಬರುತ್ತಾಳೆ. ಆಕೆಯನ್ನು ಹೊಸ್ತಿಲಲ್ಲಿಯೇ ಮಾತನಾಡಿಸಿ ಕಳಿಸಬೇಡಿರಿ, ಒಳಗೆ ಕರೆದು ಕೂಸನ್ನು ತೋರಿಸಿರಿ. ಇತ್ತೀಚೆಗೆ ಅಂಗಡಿಗಳಲ್ಲಿ 'ಒಳ್ಳೆಯ ಸೂಕ್ಷ್ಮಾಣು'ಗಳ ಪುಡಿಯ ಪೊಟ್ಟಣಗಳೂ ಬಂದಿವೆ. ಅಕಾಲಿಕ ಶಿಶುಗಳಿಗೆ ಅವು ಉಪಕಾರಿಯೆಂದು ಹೇಳುವ ಅಧ್ಯಯನಗಳೂ ಇವೆ, 2023ರಲ್ಲಿ ಒಂದು ಶಿಶುವಿನ ಸಾವಿನ ಅನಂತರ ಅಮೆರಿಕದ ಔಷಧ ಇಲಾಖೆ ಕೊಟ್ಟ ಎಚ್ಚರಿಕೆಯೂ ಇದೆ. ಅದನ್ನು ವೈದ್ಯರಿಗೇ ಬಿಡಿರಿ. ನೀವಾಗಿ ಕೊಂಡು ಕೊಡಬೇಡಿರಿ.

2012ರ ಆ ಕೂಸಿನ ಅಜ್ಜಿ ಇಂದು ಈ ಸಭೆಯಲ್ಲಿ ಇದ್ದಾಳೆ. ಈ ಭಾಷಣದಲ್ಲಿ ಏನು ಹೇಳಲಿದ್ದೇವೆಂದು ಆಕೆಗೆ ಮೊದಲೇ ತಿಳಿಸಿ ಒಪ್ಪಿಗೆ ಕೇಳಿದೆವು. "ಹೇಳ್ರಿ ಸ್ವಾಮ್ಯಾರ, ನಾನೂ ಕೇಳ್ತೀನಿ" ಎಂದಳು. ಸಮಾಧಿಯ ಪುಸ್ತಕದಲ್ಲಿ ಆ ಕೂಸಿನ ಹೆಸರನ್ನು ನಾವೇ ಬರೆದಿದ್ದೇವೆ, ಪೂರ್ತಿಯಾಗಿ.

ಈಗ ಚಹಾಕ್ಕೆ ಮೊದಲು ಅರ್ಧ ಗಂಟೆ ನಮ್ಮ ದಾದಿ ಧರ್ಮಭಗಿನಿಯರು ಕೂಸನ್ನು ಎದೆಗೆ ಕಟ್ಟಿಕೊಳ್ಳುವ ಬಗೆಯನ್ನೂ ಹಾಲು ಹಿಂಡುವ ಬಗೆಯನ್ನೂ ಪಕ್ಕದ ಕೋಣೆಯಲ್ಲಿ ತೋರಿಸುವರು. ಬಸುರಿಯರು ಮುಂದೆ ಕುಳಿತುಕೊಳ್ಳಲಿ, ಅತ್ತೆಯಂದಿರು ಅವರ ಪಕ್ಕದಲ್ಲಿ. ಕೂಸನ್ನು ಕಟ್ಟಿಕೊಳ್ಳುವುದನ್ನು ಗಂಡಸರೂ ಉಳಿದು ನೋಡಬೇಕು. ಹೋದ ಸಲ ಎಲ್ಲರೂ ಎದ್ದು ಹೊರಗೆ ನಿಂತಿದ್ದನ್ನು ನಾವು ಎಣಿಸಿದ್ದೇವೆ. ಟ್ರ್ಯಾಕ್ಟರಿನ ಯುವಕ ಬಟ್ಟೆ ಕಟ್ಟಿ ತೋರಿಸಲು ಒಪ್ಪಿದ್ದಾನೆ.